ನಾಲ್ಕು ಯೋಜನೆ, ಒಂದೇ ಆವರಣ: ಹಸಿರು ಹೈಡ್ರೋಜನ್ ಕಾರ್ಯಕ್ರಮದಲ್ಲಿ ಸಮನ್ವಯದ ಹೊಣೆ

ಪ್ರಶ್ನೆ: ನಾನು ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಹ ಪ್ರಾಧ್ಯಾಪಕಿ. ಸರ್ಕಾರಿ ಅನುದಾನದ ಹಸಿರು ಹೈಡ್ರೋಜನ್ ಕಾರ್ಯಕ್ರಮದಡಿ ಪಾವಗಡ ತಾಲ್ಲೂಕಿನ ಒಂದೇ ಆವರಣದಲ್ಲಿ ನಾಲ್ಕು ಯೋಜನೆಗಳು ಮಂಜೂರಾಗಿವೆ. ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಹೈಡ್ರೋಜನ್ ತೆಗೆಯುವ 100 ಕಿಲೋವಾಟ್ ಎಲೆಕ್ಟ್ರೊಲೈಸರ್ ಯಂತ್ರ ನಮ್ಮ ಕಾಲೇಜಿನದು. ಕಂಪ್ರೆಸರ್ ಮತ್ತು ಸಂಗ್ರಹಣೆ ಬೆಂಗಳೂರಿನ ಒಂದು ನವೋದ್ಯಮದ್ದು. ಆ ಅನಿಲದಿಂದ ಬಸ್ಸು ಓಡಿಸುವುದು ಮತ್ತೊಂದು ಸಂಸ್ಥೆಯ ಕೆಲಸ. ಸೋರಿಕೆ ಪತ್ತೆಹಚ್ಚುವ ಸೆನ್ಸರ್‌ಗಳ ಪರೀಕ್ಷೆ ಒಂದು ಸಂಶೋಧನಾಲಯದ್ದು. ಮಂಜೂರಾತಿಯ ದಿನಾಂಕ, ಅವಧಿ, ಕಂತು ಎಲ್ಲವೂ ಬೇರೆ ಬೇರೆ. ನನ್ನನ್ನು ಸಮನ್ವಯಾಧಿಕಾರಿ ಎಂದು ಹೆಸರಿಸಿದ್ದಾರೆ. ಪ್ರತಿ ತಿಂಗಳ ಸಭೆಯಲ್ಲೂ ಎಲ್ಲರೂ ‘ಪ್ರಗತಿಯಲ್ಲಿದೆ’ ಎನ್ನುತ್ತಾರೆ. ಆದರೆ ಎಲೆಕ್ಟ್ರೊಲೈಸರ್ ಬಂದಿಳಿಯುವ ಹೊತ್ತಿಗೆ ವಿದ್ಯುತ್ ಸಂಪರ್ಕವಾಗಲಿ, ಸಂಗ್ರಹಣಾ ಸಿಲಿಂಡರ್‌ಗಳಾಗಲಿ ಸಿದ್ಧವಿರುವ ಲಕ್ಷಣವಿಲ್ಲ. ಊರಿನವರು ನೀರಿನ ಬಗ್ಗೆ ಕೇಳುತ್ತಿದ್ದಾರೆ. ಒಬ್ಬರ ವಿಳಂಬ ಇನ್ನೊಬ್ಬರ ತಲೆಗೆ ಬಂದಾಗ ಏನು ಮಾಡಬೇಕು? ನನ್ನ ಕೆಲಸ ಎಲ್ಲಿಂದ ಆರಂಭವಾಗಬೇಕು?

ಉತ್ತರ: ತೊಡಕು ಎಲ್ಲಿದೆ ಎಂಬುದರ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ನಾಲ್ವರೂ ಸಭೆಯಲ್ಲಿ ಹೇಳುತ್ತಿರುವುದು ತಮ್ಮ ತಮ್ಮ ಯೋಜನೆಯ ಒಳಗಿನ ಪ್ರಗತಿಯನ್ನು, ಮತ್ತು ಅದು ಬಹುಮಟ್ಟಿಗೆ ನಿಜವೂ ಆಗಿರುತ್ತದೆ. ಏಕೆಂದರೆ ಪ್ರತಿ ಯೋಜನೆಯ ಒಳಗಿನ ಕೆಲಸಕ್ಕೆ ಒಬ್ಬ ಮುಖ್ಯಸ್ಥರು, ಒಂದು ಮಂಜೂರಾತಿ ಪತ್ರ, ಒಂದು ಲೆಕ್ಕದ ಪುಸ್ತಕ ಇದೆ. ಒಂದು ಯೋಜನೆಯಿಂದ ಇನ್ನೊಂದಕ್ಕೆ ವಿದ್ಯುತ್ತು, ನೀರು, ಅನಿಲ, ಮಾಹಿತಿ ದಾಟುವ ಜಾಗಗಳಿಗೆ ಮಾತ್ರ ಹೇಳುವವರು ಕೇಳುವವರು ಇಲ್ಲ. ಸಮನ್ವಯಾಧಿಕಾರಿಯ ಕೆಲಸ ಆ ಹಸ್ತಾಂತರದ ಜಾಗಗಳಲ್ಲಿದೆ, ಅಲ್ಲಿಂದಲೇ ಅದು ಆರಂಭವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಸ್ಥಿತಿ ನಿಮ್ಮ ಆವರಣಕ್ಕೆ ಮಾತ್ರ ಬಂದದ್ದಲ್ಲ. 2023ರ ಜನವರಿ 4ರಂದು ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿನ 19,744 ಕೋಟಿ ರೂಪಾಯಿಯಲ್ಲಿ 17,490 ಕೋಟಿ ಉತ್ಪಾದನೆಯ ಪ್ರೋತ್ಸಾಹಕ್ಕೆ, 1,466 ಕೋಟಿ ಪ್ರಾಯೋಗಿಕ ಯೋಜನೆಗಳಿಗೆ, 400 ಕೋಟಿ ಸಂಶೋಧನೆಗೆ ಎಂದು ಮೊದಲೇ ವಿಂಗಡಣೆಯಾಗಿದೆ. ಸಾರ್ವಜನಿಕ ಹಣ ಹೀಗೆ ಬೇರೆ ಬೇರೆ ಶೀರ್ಷಿಕೆಗಳಡಿ ಹರಿಯುವಾಗ ಉತ್ಪಾದಿಸುವವರು, ಸಂಗ್ರಹಿಸುವವರು ಮತ್ತು ಬಳಸುವವರು ಪ್ರತ್ಯೇಕ ಮಂಜೂರಾತಿಗಳೊಂದಿಗೆ ಒಂದೇ ಜಾಗಕ್ಕೆ ಬಂದು ಸೇರುವುದು ಸಹಜ. ಐರೋಪ್ಯ ಒಕ್ಕೂಟ ಇದನ್ನು ನಿಯಮದಲ್ಲೇ ಒಪ್ಪಿಕೊಂಡಿದೆ. ಅಲ್ಲಿನ ಸಂಶೋಧನಾ ಅನುದಾನದಲ್ಲಿ ಒಂದು ಯೋಜನೆ ಮತ್ತೊಂದನ್ನು ಅವಲಂಬಿಸಿದ್ದರೆ ಅವುಗಳನ್ನು ಜೋಡಿತ ಯೋಜನೆಗಳೆಂದು ಗುರುತಿಸುತ್ತಾರೆ. ಆಗ ಆಯಾ ಯೋಜನೆಯ ಪಾಲುದಾರರ ನಡುವಿನ ಒಡಂಬಡಿಕೆ ಇದ್ದರೂ, ಎರಡು ಯೋಜನೆಗಳ ನಡುವೆ ಬೇರೆಯೇ ಆದ ಸಹಕಾರ ಒಪ್ಪಂದವೊಂದನ್ನು ಮಾಡಿಕೊಳ್ಳಲು ಹೇಳುತ್ತಾರೆ. ನಿಮ್ಮ ನಾಲ್ಕು ಮಂಜೂರಾತಿ ಪತ್ರಗಳ ನಡುವೆ ಇಲ್ಲದಿರುವುದು ಅಂಥದೊಂದು ದಾಖಲೆ. ಅದನ್ನು ವಕೀಲರಿಂದ ಮೊದಲುಗೊಳ್ಳಬೇಡಿ. ಪ್ರತಿ ಹಸ್ತಾಂತರದ ಜಾಗಕ್ಕೂ ಒಂದೊಂದು ಪುಟ ಬರೆಯಿರಿ: ಏನು ದಾಟುತ್ತದೆ, ಎಷ್ಟು, ಯಾವ ಗುಣಮಟ್ಟದ್ದು, ಯಾವ ದಿನಾಂಕದಿಂದ, ಎಲ್ಲಿ ಅಳೆಯಲಾಗುತ್ತದೆ, ಕೊಡುವ ಕಡೆ ಯಾರು, ಪಡೆಯುವ ಕಡೆ ಯಾರು. ಸಂಸ್ಥೆಯ ಹೆಸರು ಸಾಲದು, ವ್ಯಕ್ತಿಯ ಹೆಸರು ಬೇಕು. ಆ ಪುಟಗಳಿಗೆ ಎರಡೂ ಕಡೆಯವರ ಸಹಿ ಬಿದ್ದ ಮೇಲೆ ಒಪ್ಪಂದ ತಾನಾಗಿಯೇ ಸಿದ್ಧವಾಗುತ್ತದೆ.

ಪ್ರಮಾಣದ ಲೆಕ್ಕವನ್ನು ಮೊದಲು ತೆಗೆದುಕೊಳ್ಳಿ. ಒಂದು ಕಿಲೋ ಹೈಡ್ರೋಜನ್ ತಯಾರಿಸಲು ಇಂದಿನ ಎಲೆಕ್ಟ್ರೊಲೈಸರ್‌ಗಳಿಗೆ ಪೂರಕ ಯಂತ್ರಗಳೂ ಸೇರಿ ಸುಮಾರು 55 ಯೂನಿಟ್ ವಿದ್ಯುತ್ ಬೇಕು. ಹಾಗಾದರೆ 100 ಕಿಲೋವಾಟ್‌ನ ಯಂತ್ರ ಪೂರ್ಣ ಸಾಮರ್ಥ್ಯದಲ್ಲಿ ಓಡಿದಾಗ ಗಂಟೆಗೆ ಸುಮಾರು 1.8 ಕಿಲೋ ಕೊಡುತ್ತದೆ. ಬಸ್ಸಿನವರು ಈ ಅಂಕಿಯನ್ನು 24 ಗಂಟೆಗೆ ಗುಣಿಸಿದರೆ ದಿನಕ್ಕೆ 43 ಕಿಲೋ ಸಿಗುತ್ತದೆ ಎಂದುಕೊಳ್ಳುತ್ತಾರೆ. ಆದರೆ ಅದೇ ಸಾಮರ್ಥ್ಯದ ಸೌರ ಫಲಕಗಳಿಂದ ಓಡುವ ಯಂತ್ರಕ್ಕೆ ದಿನಕ್ಕೆ ಆರು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ವಿದ್ಯುತ್ ಸಿಕ್ಕರೂ ಅದು ಒಳ್ಳೆಯ ದಿನ. ಆಗ ಕೈಗೆ ಬರುವುದು 11 ಕಿಲೋ. ಹೈಡ್ರೋಜನ್ನಿನಿಂದ ನೇರವಾಗಿ ವಿದ್ಯುತ್ ತಯಾರಿಸಿಕೊಂಡು ಓಡುವ ಫ್ಯೂಯೆಲ್ ಸೆಲ್ ಬಸ್ಸು 100 ಕಿಲೋಮೀಟರಿಗೆ ಸುಮಾರು 8ರಿಂದ 9 ಕಿಲೋ ಹೈಡ್ರೋಜನ್ ಬಳಸುತ್ತದೆ. ಎಂದರೆ ನಿಮ್ಮ ಆವರಣ ಒಂದು ಬಸ್ಸನ್ನು ಪಾವಗಡದಿಂದ ತುಮಕೂರಿಗೆ ಒಂದು ಬಾರಿ ಕಳಿಸಬಲ್ಲದು. ಅದೇ ದಿನದ ಅನಿಲದಲ್ಲಿ ಅದು ಹಿಂದಿರುಗಲಾರದು. ಬಸ್ಸಿನ ಯೋಜನೆಯವರು ಎಷ್ಟು ಟ್ರಿಪ್ಪಿನ ಭರವಸೆ ಕೊಟ್ಟು ಮಂಜೂರಾತಿ ಪಡೆದಿದ್ದಾರೆ ಎಂಬುದನ್ನು ಅವರ ಪ್ರಸ್ತಾವನೆಯಲ್ಲಿ ಓದಿ ನೋಡಿ. ಎರಡು ಪ್ರಸ್ತಾವನೆಗಳನ್ನು ಪಕ್ಕಪಕ್ಕ ಇಟ್ಟು ಓದುವ ಈ ಸಣ್ಣ ಕೆಲಸವನ್ನು ಯಾರೂ ಮಾಡಿರುವುದಿಲ್ಲ, ಏಕೆಂದರೆ ಅದು ಯಾರ ಪಾಲಿನ ಕೆಲಸವೂ ಆಗಿರಲಿಲ್ಲ.

ಇಲ್ಲಿ ಪಾವಗಡದ ಸೌರ ಪಾರ್ಕಿನ ಮಾತೂ ಬರುತ್ತದೆ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯ ಎದ್ದು ನಿಂತಿರುವಾಗ ನಮಗೆ ಬೇಕಾದ 100 ಕಿಲೋವಾಟ್ ಏನು ಮಹಾ ಎಂದು ಪಾಲುದಾರರಿಗೆ ಅನಿಸಬಹುದು. ಆದರೆ ಆ ವಿದ್ಯುತ್ ದೀರ್ಘಾವಧಿಯ ಖರೀದಿ ಒಪ್ಪಂದಗಳಿಗೆ ಬದ್ಧವಾಗಿದ್ದು, ಉನ್ನತ ವೋಲ್ಟೇಜಿನ ಪ್ರಸರಣ ಜಾಲದ ಮೂಲಕ ಹೊರಹೋಗುತ್ತದೆ. ಪಾರ್ಕಿನ ಬೇಲಿಯ ಪಕ್ಕದಲ್ಲಿದ್ದ ಮಾತ್ರಕ್ಕೆ ಒಂದು ಯೂನಿಟ್ಟೂ ನಿಮ್ಮದಾಗುವುದಿಲ್ಲ. ಸ್ವಂತ ಫಲಕಗಳೋ, ಮುಕ್ತ ಪ್ರವೇಶದ ಮೂಲಕ, ಎಂದರೆ ಬೇರೆ ಉತ್ಪಾದಕರಿಂದ ನೇರವಾಗಿ, ಕೊಂಡ ಹಸಿರು ವಿದ್ಯುತ್ತೋ, ಬೆಸ್ಕಾಂ ಸಂಪರ್ಕವೋ ಎಂಬುದು ಕಾಗದದ ಮೇಲೆ ತೀರ್ಮಾನವಾಗಲೇಬೇಕು. ಆ ತೀರ್ಮಾನ ನಿಮ್ಮ ಕಾಲೇಜಿನದು ಮಾತ್ರವಲ್ಲ ಎಂಬುದನ್ನು ಮುಂದಿನ ಲೆಕ್ಕ ತೋರಿಸುತ್ತದೆ.

ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ಒಂದು ಕಿಲೋ ಹೈಡ್ರೋಜನ್ನಿಗೆ 12 ತಿಂಗಳ ಸರಾಸರಿಯಲ್ಲಿ 2 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆಯನ್ನು ಮೀರದಿದ್ದರೆ ಮಾತ್ರ ಅದು ಹಸಿರು. ಈ ಲೆಕ್ಕದಲ್ಲಿ ನೀರಿನ ಶುದ್ಧೀಕರಣ, ವಿದ್ಯುದ್ವಿಭಜನೆ, ಅನಿಲದ ಶುದ್ಧೀಕರಣ, ಒಣಗಿಸುವಿಕೆ ಮತ್ತು ಸಂಕೋಚನ ಇವೆಲ್ಲವೂ ಸೇರುತ್ತವೆ. ಈಗ ನವೋದ್ಯಮದವರ ಕಂಪ್ರೆಸರನ್ನು ನೋಡಿ. ಎಲೆಕ್ಟ್ರೊಲೈಸರಿನಿಂದ ಸುಮಾರು 30 ಬಾರ್ ಒತ್ತಡದಲ್ಲಿ ಬರುವ ಅನಿಲವನ್ನು 350 ಬಾರ್‌ನ ಬಸ್ಸಿಗೆ ತುಂಬಬಲ್ಲಷ್ಟು ಒತ್ತಲು ಕಿಲೋಗೆ 3 ಯೂನಿಟ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಹೊರಸೂಸುವಿಕೆ ಇದೆ. ಮೂರನ್ನು ಅದರಿಂದ ಗುಣಿಸಿದರೆ 2.1 ಕಿಲೋ. ನೀವು ಎಲೆಕ್ಟ್ರೊಲೈಸರನ್ನು ಸಂಪೂರ್ಣ ಸೌರ ವಿದ್ಯುತ್ತಿನಲ್ಲೇ ಓಡಿಸಿದ್ದರೂ, ಅದೇ ಗೇಟಿನ ಒಳಗೆ ಪಾಲುದಾರರ ಕಂಪ್ರೆಸರ್ ಮಾತ್ರ ಗ್ರಿಡ್ ವಿದ್ಯುತ್ತಿನಲ್ಲಿ ಓಡಿದರೂ ಇಡೀ ಆವರಣದ ಹೈಡ್ರೋಜನ್ ಮಿತಿಯನ್ನು ದಾಟಿಬಿಡುತ್ತದೆ. ನವೋದ್ಯಮದವರು ನಿಯಮ ಮುರಿದಿರುವುದಿಲ್ಲ, ಅವರ ಮಂಜೂರಾತಿ ಪತ್ರದಲ್ಲಿ ವಿದ್ಯುತ್ತಿನ ಮೂಲದ ಪ್ರಸ್ತಾಪವೇ ಇಲ್ಲದಿರಬಹುದು. ಆದರೂ ‘ಹಸಿರು’ ಎಂಬ ಪ್ರಮಾಣಪತ್ರ ತಪ್ಪಿಹೋಗುವುದು ಎಲ್ಲರಿಗೂ. ಆದ್ದರಿಂದ ಹೊರಸೂಸುವಿಕೆಯ ಲೆಕ್ಕದ ಗಡಿಯಾದ ಉತ್ಪಾದನಾ ಘಟಕದ ಗೇಟು ಎಲ್ಲಿಗೆ ಮುಗಿಯುತ್ತದೆ, ಕಂಪ್ರೆಸರ್ ಅದರ ಒಳಗೋ ಹೊರಗೋ, ಅದಕ್ಕೆ ಯಾವ ಮೀಟರಿನಿಂದ ವಿದ್ಯುತ್ ಬರುತ್ತದೆ ಎಂಬ ಮೂರು ಸಂಗತಿಗಳನ್ನು ಕೇಬಲ್ ಎಳೆಯುವ ಮೊದಲೇ ನಕ್ಷೆಯ ಮೇಲೆ ಗುರುತು ಮಾಡಿಸಿ.

ಗುಣಮಟ್ಟದ ವಿಷಯದಲ್ಲಿ ವಿವಾದ ಹುಟ್ಟುವ ಜಾಗ ಇನ್ನೂ ಸೂಕ್ಷ್ಮವಾದದ್ದು. ಬಸ್ಸು ಫ್ಯೂಯೆಲ್ ಸೆಲ್‌ನದೋ, ಹೈಡ್ರೋಜನ್ ಉರಿಸುವ ಎಂಜಿನ್ನಿನದೋ ಎಂದು ಮೊದಲು ಕೇಳಿ. 2025ರ ಮಾರ್ಚ್‌ನಲ್ಲಿ ಮಿಷನ್ನಿನಡಿ ಮಂಜೂರಾದ ಐದು ಸಾರಿಗೆ ಯೋಜನೆಗಳ 37 ವಾಹನಗಳಲ್ಲಿ 15 ಮೊದಲನೆಯ ಬಗೆಯವು, 22 ಎರಡನೆಯ ಬಗೆಯವು. ಎಂಜಿನ್ನು ಸ್ವಲ್ಪ ಅಶುದ್ಧಿಯನ್ನು ಸಹಿಸುತ್ತದೆ, ಫ್ಯೂಯೆಲ್ ಸೆಲ್ ಸಹಿಸುವುದಿಲ್ಲ. ಐಎಸ್‌ಒ 14687 ಮಾನಕ ಅದಕ್ಕೆ ಶೇ 99.97ರ ಶುದ್ಧತೆಯನ್ನು ಕೇಳುತ್ತದೆ. ಅದರಲ್ಲೂ ತೇವಾಂಶ ಮತ್ತು ಆಮ್ಲಜನಕ ತಲಾ ಹತ್ತು ಲಕ್ಷಕ್ಕೆ 5 ಭಾಗ, ಕಾರ್ಬನ್ ಮಾನಾಕ್ಸೈಡ್ 0.2 ಭಾಗ, ಗಂಧಕದ ಸಂಯುಕ್ತಗಳು 0.004 ಭಾಗವನ್ನು ಮೀರುವಂತಿಲ್ಲ. ಎಲೆಕ್ಟ್ರೊಲೈಸರಿನಿಂದ ಬರಬಹುದಾದ ದೋಷ ಮುಖ್ಯವಾಗಿ ತೇವಾಂಶ ಮತ್ತು ಆಮ್ಲಜನಕ. ಕಂಪ್ರೆಸರಿನಿಂದ ಬರಬಹುದಾದದ್ದು ಎಣ್ಣೆಯ ಅಂಶ. ಬಸ್ಸಿನ ಸೆಲ್ ಕೆಟ್ಟ ದಿನ ಮಾದರಿ ತೆಗೆದ ಜಾಗ ಒಂದೇ ಇದ್ದು, ಅದೂ ನಳಿಕೆಯ ತುದಿಯಲ್ಲಿದ್ದರೆ, ನಿಮ್ಮ ಕಾಲೇಜು ಮತ್ತು ನವೋದ್ಯಮ ಪರಸ್ಪರ ಬೆರಳು ತೋರಿಸುವುದನ್ನು ಯಾರೂ ತಪ್ಪಿಸಲಾರರು. ಕಂಪ್ರೆಸರಿನ ಹಿಂದೆ ಒಂದು, ಮುಂದೆ ಒಂದು ಮಾದರಿ ತೆಗೆಯುವ ಕವಾಟ ಇಡಿಸಿ. ಪೈಪು ಜೋಡಿಸುವಾಗ ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಆಮೇಲೆ ಮಾಡಿಸಬೇಕೆಂದರೆ ಅನಿಲ ಖಾಲಿ ಮಾಡಿ, ಸಾರಜನಕ ಹಾಯಿಸಿ, ಅನುಮೋದನೆ ಪಡೆದ ವಿನ್ಯಾಸವನ್ನೇ ಬದಲಿಸಬೇಕಾಗುತ್ತದೆ.

ನೀರಿನ ಪ್ರಶ್ನೆಯನ್ನು ಊರಿನವರು ಕೇಳುತ್ತಿರುವುದು ನ್ಯಾಯವಾದದ್ದು. ಬರ ಮತ್ತು ಫ್ಲೋರೈಡ್ ಎರಡನ್ನೂ ತಲೆಮಾರುಗಳಿಂದ ಅನುಭವಿಸಿದ ತಾಲ್ಲೂಕು ಅದು. ಅವರಿಗೆ ‘ಹೆಚ್ಚು ನೀರು ಬೇಡ’ ಎಂದು ಬಾಯಿಮಾತಿನಲ್ಲಿ ಹೇಳಬೇಡಿ, ಲೆಕ್ಕ ಕೊಡಿ. ಒಂದು ಕಿಲೋ ಹೈಡ್ರೋಜನ್ನಿಗೆ ರಾಸಾಯನಿಕವಾಗಿ ಸುಮಾರು 9 ಲೀಟರ್ ಶುದ್ಧ ನೀರು ಬೇಕು. ವ್ಯವಹಾರದಲ್ಲಿ 10 ಎಂದು ಹಿಡಿಯಿರಿ. ದಿನಕ್ಕೆ 11 ಕಿಲೋಗೆ 110 ಲೀಟರ್. ಆರ್‌ಒ ಘಟಕದಲ್ಲಿ ಅರ್ಧದಷ್ಟು ನೀರು ಹೊರಹೋದರೆ ಕೊಳವೆಬಾವಿಯಿಂದ ಎತ್ತುವುದು 220 ಲೀಟರ್. 5,000 ಲೀಟರಿನ ಒಂದು ಟ್ಯಾಂಕರ್ ಮೂರು ವಾರಕ್ಕೆ ಸಾಕು. ಯಂತ್ರವನ್ನು ನೀರಿನಿಂದ ತಂಪು ಮಾಡುವ ವ್ಯವಸ್ಥೆ ಇದ್ದರೆ ಈ ಅಂಕಿ ಏರುತ್ತದೆ, ಆದ್ದರಿಂದ ಗಾಳಿಯಿಂದ ತಂಪಾಗುವ ವ್ಯವಸ್ಥೆಯನ್ನೇ ಕೇಳಿ. ನನ್ನ ದೃಷ್ಟಿಯಲ್ಲಿ ನಿಜವಾದ ಆತಂಕ ಎತ್ತುವ ನೀರಿಗಿಂತ ಬಿಡುವ ನೀರಿನದು. ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇದ್ದು ಅರ್ಧ ನೀರು ಶುದ್ಧವಾಗಿ ಬೇರ್ಪಟ್ಟರೆ, ಉಳಿದ ಅರ್ಧದಲ್ಲಿ ಅದು ಹೆಚ್ಚುಕಡಿಮೆ 4 ಮಿಲಿಗ್ರಾಂ ಆಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಅಪೇಕ್ಷಿತ ಮಿತಿ 1, ಬೇರೆ ಮೂಲವೇ ಇಲ್ಲದಾಗ 1.5. ಆ ನೀರು ದನಗಳ ತೊಟ್ಟಿಗೋ ಕಟ್ಟೆಗೋ ಹರಿಯದಂತೆ ಪ್ಲಾಸ್ಟಿಕ್ ಹಾಸಿದ ಬಾಷ್ಪೀಕರಣದ ಹೊಂಡಕ್ಕೆ ಬಿಡಬೇಕು, ಅದರ ತಳದಲ್ಲಿ ಉಳಿಯುವ ಕೆಸರನ್ನು ಎಲ್ಲಿಗೆ ಸಾಗಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಲಿಖಿತವಾಗಿ ಪಡೆಯಬೇಕು. ಹೊಂಡದ ಖರ್ಚು ಯಾವ ಯೋಜನೆಯದು? ನಾಲ್ಕು ಪ್ರಸ್ತಾವನೆಗಳಲ್ಲೂ ಅದು ಇರಲಾರದು ಎಂದು ನಾನು ಊಹಿಸುತ್ತೇನೆ. ಇದಕ್ಕೊಂದು ಪುಟ ಬರೆದು, ಗ್ರಾಮ ಪಂಚಾಯಿತಿಗೆ ಒಂದು ಪ್ರತಿ ಕೊಟ್ಟು, ತಿಂಗಳಿಗೊಮ್ಮೆ ನೀರಿನ ಮೀಟರಿನ ಅಂಕಿಯನ್ನು ಪಂಚಾಯಿತಿಯ ಫಲಕದಲ್ಲಿ ಹಾಕಿಸಿ. ಸೌರ ಪಾರ್ಕಿಗೆ ಅಲ್ಲಿನ ರೈತರು ಜಮೀನನ್ನು ಮಾರದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ ಎರಡು ವರ್ಷಕ್ಕೊಮ್ಮೆ ಏರುವ ಬಾಡಿಗೆಯ ಕರಾರಿನ ಮೇಲೆ ಕೊಟ್ಟರು. ಕರಾರನ್ನು ಓದಿ ಸಹಿ ಹಾಕಿದ ಜನ ಅವರು. ನಿಮ್ಮ ಲೆಕ್ಕವನ್ನೂ ಓದುತ್ತಾರೆ.

ವಿಳಂಬದ ಬಗ್ಗೆ ನೀವು ನೇರವಾಗಿ ಕೇಳಿದ್ದೀರಿ. ಯಂತ್ರ ಪೂರೈಕೆಯ ಆದೇಶಗಳಲ್ಲಿ ಖಾತರಿಯ ಅವಧಿಯನ್ನು ಸಾಮಾನ್ಯವಾಗಿ ‘ಚಾಲನೆಗೊಂಡ ದಿನದಿಂದ 12 ತಿಂಗಳು ಅಥವಾ ಪೂರೈಕೆಯಾದ ದಿನದಿಂದ 18 ತಿಂಗಳು, ಇವುಗಳಲ್ಲಿ ಯಾವುದು ಮೊದಲೋ ಅದು’ ಎಂದು ಬರೆದಿರುತ್ತಾರೆ. ನಿಮ್ಮ ಆದೇಶದಲ್ಲೂ ಹಾಗಿದ್ದರೆ, ಬೆಸ್ಕಾಂ ಸಂಪರ್ಕಕ್ಕಾಗಿ ಎಲೆಕ್ಟ್ರೊಲೈಸರ್ ಒಂದು ವರ್ಷ ಪೆಟ್ಟಿಗೆಯಲ್ಲೇ ಕುಳಿತರೆ ಖಾತರಿಯ ಮೂರನೇ ಎರಡು ಭಾಗ ಒಂದು ಗ್ರಾಂ ಅನಿಲವೂ ಬರುವ ಮೊದಲೇ ಕರಗಿಹೋಗುತ್ತದೆ. ಒಳಗೆ ತೆಳು ಪ್ಲಾಸ್ಟಿಕ್ ಪೊರೆ ಇರುವ ಪಿಇಎಂ ಮಾದರಿಯಾದರೆ ಆ ಪೊರೆ ಒಣಗದಂತೆ ತಯಾರಕರು ಹೇಳಿದ ರೀತಿಯಲ್ಲಿ ಕಾಪಾಡುವ ಹೊಣೆಯೂ ಸೇರುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ಪರೀಕ್ಷೆ ಮುಗಿದ ಮೇಲೆ ಯಂತ್ರವನ್ನು ಅಲ್ಲೇ ಇರಿಸಿ, ಆವರಣ ಸಿದ್ಧವಾಗಿದೆಯೆಂದು ನೀವು ಬರೆದು ತಿಳಿಸಿದ ನಂತರವೇ ಕಳಿಸುವಂತೆ ಪೂರೈಕೆದಾರರೊಂದಿಗೆ ಈಗಲೇ ಮಾತನಾಡಿ. ಎಲ್ಲಕ್ಕಿಂತ ತಡವಾಗುವ ಪಾಲುದಾರರ ದಿನಾಂಕವನ್ನು ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದ ಒಂದೇ ಕ್ಯಾಲೆಂಡರ್ ನಾಲ್ವರಿಗೂ ಇರಲಿ. ಅದರಲ್ಲಿ ಯಾರಾದರೂ ಎರಡು ವಾರಕ್ಕಿಂತ ಹೆಚ್ಚು ಜಾರಿದರೆ, ಅದರ ಪರಿಣಾಮ ಯಾರ ಮೇಲೆ ಎಷ್ಟು ಎಂಬುದನ್ನು ಅದೇ ವಾರ ಬರೆದು ಅನುದಾನ ಕೊಟ್ಟ ಕಚೇರಿಗೆ ಕಳಿಸಬೇಕು.

ಹಣದ ವಿಚಾರದಲ್ಲಿ ಒಂದು ಗೆರೆಯನ್ನು ಎಂದೂ ದಾಟಬೇಡಿ. ನವೋದ್ಯಮಕ್ಕೆ ಕಂತು ಬಂದಿಲ್ಲವೆಂದು ನಿಮ್ಮ ಯೋಜನೆಯ ಹಣದಿಂದ ಅವರ ಸಿಲಿಂಡರ್‌ಗೆ ಮುಂಗಡ ಕೊಡುವುದು ಎಷ್ಟೇ ಸದುದ್ದೇಶದ್ದಾದರೂ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಯಾಗಿಯೇ ನಿಲ್ಲುತ್ತದೆ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅನುದಾನ ಪಡೆದ ಪ್ರತಿ ಸಂಸ್ಥೆಯೂ ಅದು ಮಂಜೂರಾದ ಉದ್ದೇಶಕ್ಕೇ ಬಳಕೆಯಾಗಿದೆ ಎಂದು ಬಳಕೆ ಪ್ರಮಾಣಪತ್ರ ಸಲ್ಲಿಸಬೇಕು, ಮತ್ತು ಆ ಹಣದ ಮೇಲೆ ಬಂದ ಬಡ್ಡಿಯನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕು. ಅವಧಿ ಸಾಲದಿದ್ದರೆ ನಾಲ್ವರೂ ಒಂದೇ ಕಾರಣವನ್ನು, ಒಂದೇ ಹೊಸ ದಿನಾಂಕವನ್ನು ನಮೂದಿಸಿ, ಹೆಚ್ಚುವರಿ ವೆಚ್ಚವಿಲ್ಲದ ವಿಸ್ತರಣೆಯನ್ನು ಒಟ್ಟಿಗೆ ಕೇಳಿ. ಬೇರೆ ಬೇರೆ ಕಾರಣಗಳ ನಾಲ್ಕು ಪತ್ರಗಳು ಬೇರೆ ಬೇರೆ ಮೇಜುಗಳಿಗೆ ಹೋದರೆ ಒಬ್ಬರಿಗೆ ಸಿಕ್ಕ ಅವಧಿ ಇನ್ನೊಬ್ಬರಿಗೆ ಸಿಗದೆ ಸರಪಳಿ ಮತ್ತೆ ತುಂಡಾಗುತ್ತದೆ.

ಬೇರೆ ಬೇರೆ ಮೂಲದ ಹಣ ಒಂದೇ ಸರಪಳಿಯಾಗಿ ಕೆಲಸ ಮಾಡಿದ ಉದಾಹರಣೆ ಬೇಕಿದ್ದರೆ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳನ್ನು ನೋಡಿ. ಅಲ್ಲಿ ಈಡೇ ದ್ವೀಪದ ಅರ್ಧ ಮೆಗಾವಾಟ್ ಎಲೆಕ್ಟ್ರೊಲೈಸರ್ ಸ್ಕಾಟ್ಲೆಂಡ್ ಸರ್ಕಾರದ ನೆರವಿನ ‘ಸರ್ಫ್ ಎನ್ ಟರ್ಫ್’ ಯೋಜನೆಯದಾಗಿತ್ತು. ಶಾಪಿನ್ಸೆ ದ್ವೀಪದ ಒಂದು ಮೆಗಾವಾಟ್ ಯಂತ್ರ 2016ರಲ್ಲಿ ಐರೋಪ್ಯ ಅನುದಾನದಿಂದ ಆರಂಭವಾದ ‘ಬಿಗ್ ಹಿಟ್’ ಯೋಜನೆಯದಾಗಿತ್ತು. ಎರಡು ದ್ವೀಪಗಳ ಅನಿಲವೂ ಟ್ರೇಲರ್‌ಗಳಲ್ಲಿ ಹಡಗೇರಿ ಕರ್ಕ್‌ವಾಲ್ ಪಟ್ಟಣ ಸೇರುವಂತೆ ವ್ಯವಸ್ಥೆ ಮಾಡಿದರು. ಯೋಜನೆಗಳು ಎರಡಾದರೂ ಟ್ರೇಲರ್, ಹಡಗು ಮತ್ತು ಅನಿಲ ಬಳಸುವ ಬಂದರು ಒಂದೇ ಆಗಿದ್ದವು. ಹಾಗೆಯೇ ಯುರೋಪಿನ ನಗರಗಳಿಗೆ ಸುಮಾರು 300 ಫ್ಯೂಯೆಲ್ ಸೆಲ್ ಬಸ್ಸುಗಳನ್ನು ತರಲು ಹೊರಟ ‘ಜೈವ್’ ಯೋಜನೆಗಳ ಜೊತೆಗೆ, ಅನಿಲ ತುಂಬುವ ಕೇಂದ್ರಗಳಿಗೆಂದೇ ಬೇರೊಂದು ನಿಧಿಯ ‘ಮೆರ್ಲಿನ್’ ಯೋಜನೆಯನ್ನು ಜೋಡಿಸಿದ್ದರು.

ಸುರಕ್ಷತೆಯಲ್ಲಿ ನಾಲ್ಕು ಯೋಜನೆ ಎಂಬ ಮಾತೇ ಇರಬಾರದು. ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಬೆರೆತಾಗ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಸೆನ್ಸರ್ ಪರೀಕ್ಷಿಸುವ ಸಂಶೋಧನಾಲಯದವರು ತಮ್ಮದು ಅಧ್ಯಯನದ ಉಪಕರಣ ಎಂದುಕೊಂಡಿರಬಹುದು, ಉಳಿದವರು ಅದೇ ತಮ್ಮ ರಕ್ಷಣೆ ಎಂದು ನಂಬಿರಬಹುದು. ಇಂಥ ತಪ್ಪು ತಿಳಿವಳಿಕೆ ಜೀವಕ್ಕೆ ಎರವಾಗುತ್ತದೆ. ಅಧ್ಯಯನದ ಸೆನ್ಸರ್‌ಗಳ ಹೊರತಾಗಿ, ಪ್ರಮಾಣಿತವಾದ ಪ್ರತ್ಯೇಕ ಸೆನ್ಸರ್‌ಗಳು ಇರಲೇಬೇಕು. ಅವುಗಳ ಸಂಕೇತಕ್ಕೆ ಎಲೆಕ್ಟ್ರೊಲೈಸರ್, ಕಂಪ್ರೆಸರ್, ತುಂಬುವ ಯಂತ್ರ ಮೂರೂ ಒಟ್ಟಿಗೆ ನಿಲ್ಲಬೇಕು, ಮತ್ತು ಯಾವ ಪಾಲುದಾರರ ಕಾವಲುಗಾರನೇ ಆಗಲಿ ಕೆಂಪು ಗುಂಡಿ ಒತ್ತಲು ಯಾರ ಅಪ್ಪಣೆಗೂ ಕಾಯುವಂತಿರಬಾರದು. ಒತ್ತಡದ ಸಂಗ್ರಹಣೆಗೆ ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯಾದ ಪೆಸೊದ ಪರವಾನಗಿ ಒಬ್ಬರ ಹೆಸರಿನಲ್ಲಿ ಬರುತ್ತದೆ. ಜಮೀನು ಒಬ್ಬರದು, ಸಿಲಿಂಡರ್ ಇನ್ನೊಬ್ಬರದು ಆಗಿರುವಾಗ ಅರ್ಜಿದಾರರು ಯಾರು, ವಿಮೆ ಯಾರ ಹೆಸರಿನಲ್ಲಿ ಎಂಬುದು ಅರ್ಜಿ ಹಾಕುವ ಮೊದಲೇ ಇತ್ಯರ್ಥವಾಗಲಿ. ಪಾವಗಡದ ಅಗ್ನಿಶಾಮಕ ಠಾಣೆಯವರನ್ನು ಅನಿಲ ತುಂಬುವ ಮೊದಲೇ ಕರೆದು ಆವರಣ ತೋರಿಸಿ.

ತಿಂಗಳ ಸಭೆಯನ್ನು ನಿಲ್ಲಿಸಬೇಕಿಲ್ಲ, ಆದರೆ ಅಲ್ಲಿ ಪ್ರಗತಿಯ ವರದಿ ಓದಿಸುವುದನ್ನು ನಿಲ್ಲಿಸಿ. ಹಸ್ತಾಂತರದ ಪುಟಗಳನ್ನೇ ಒಂದೊಂದಾಗಿ ತೆರೆಯಿರಿ. ನಡಾವಳಿ ಅರ್ಧ ಪುಟ ಇದ್ದರೆ ಸಾಕು. ದತ್ತಾಂಶದ ಬಗ್ಗೆ ಒಂದೇ ಮಾತು: ವಿದ್ಯುತ್ ಮೀಟರ್, ನೀರಿನ ಮೀಟರ್, ಅನಿಲದ ಮೀಟರ್ ಮೂರೂ ಒಂದೇ ಗಡಿಯಾರಕ್ಕೆ, ಒಂದೇ 15 ನಿಮಿಷದ ಅವಧಿಗೆ ದಾಖಲಿಸಲಿ. ಒಬ್ಬರು ದಿನದ ಮೊತ್ತವನ್ನು, ಇನ್ನೊಬ್ಬರು ಗಂಟೆಯ ಸರಾಸರಿಯನ್ನು ಇಟ್ಟುಕೊಂಡರೆ ಸಾರ್ವಜನಿಕ ಹಣದಿಂದ ನಡೆದ ಪ್ರಯೋಗದ ಫಲ ಯಾರಿಗೂ ಉಪಯೋಗಕ್ಕೆ ಬಾರದೆ ಹೋಗುತ್ತದೆ.

ಕೊನೆಯದಾಗಿ ನಿಮ್ಮ ಅಧಿಕಾರದ ಪ್ರಶ್ನೆ. ಹೆಸರಿಸಿದರೆ ಮಾತ್ರ ಸಾಲದು. ಇತರ ಮೂರು ಯೋಜನೆಗಳ ಪ್ರಸ್ತಾವನೆ ಮತ್ತು ಮಂಜೂರಾತಿ ಪತ್ರಗಳನ್ನು ನೋಡುವ ಹಕ್ಕು, ಅನುದಾನ ನೀಡುವ ಕಚೇರಿಗೆ ನೇರವಾಗಿ ಬರೆಯುವ ಹಕ್ಕು, ಹಸ್ತಾಂತರದ ಪುಟಕ್ಕೆ ಸಹಿ ಬೀಳದೆ ಪೈಪು ಅಥವಾ ಕೇಬಲ್ ಜೋಡಿಸದಂತೆ ತಡೆಯುವ ಹಕ್ಕು, ಈ ಮೂರನ್ನು ನಮೂದಿಸಿದ ಆದೇಶವನ್ನು ನಿಮ್ಮ ಪ್ರಾಂಶುಪಾಲರಿಂದಲೂ ಉಳಿದ ಮೂರು ಸಂಸ್ಥೆಗಳ ಮುಖ್ಯಸ್ಥರಿಂದಲೂ ಲಿಖಿತವಾಗಿ ಕೇಳಿ. ಅದು ಬರುವವರೆಗೆ ನೀವು ಪುಟಗಳ ಕರಡು ಬರೆಯಬಹುದು, ಲೆಕ್ಕ ಹಾಕಬಹುದು, ಬೆಸ್ಕಾಂ ಅರ್ಜಿಯ ಬೆನ್ನು ಹತ್ತಬಹುದು. ಆದರೆ ‘ಆವರಣ ಸಿದ್ಧವಾಗಿದೆ’ ಎಂಬ ಪ್ರಮಾಣಪತ್ರಕ್ಕೆ ಮಾತ್ರ ಸಹಿ ಹಾಕಬೇಡಿ.